ಘಟಪ್ರಭೆ ಬರೆದ ಕಡತ

ಗೋಕಾಕದ ಜಲಪಾತವನ್ನು ನೋಡಲು ಪ್ರತಿ ಮಳೆಗಾಲದಲ್ಲಿ ಬರುವ ಜನರಿಗೆ ಲೆಕ್ಕವಿಲ್ಲ. ಕುದುರೆಯ ಲಾಳದ ಆಕಾರದಲ್ಲಿ ಬಾಗಿದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕುವ ಘಟಪ್ರಭೆಯ ಕೆನ್ನೀರನ್ನು ಕಂಡು ಅವರು ಬೆರಗಾಗುತ್ತಾರೆ. ತೂಗುಸೇತುವೆಯನ್ನು ಬೆನ್ನಿಗಿಟ್ಟುಕೊಂಡು ಚಿತ್ರ ತೆಗೆಯಿಸಿಕೊಳ್ಳುತ್ತಾರೆ. ಪೇಟೆಯಲ್ಲಿ ಕರದಂಟು ಕಟ್ಟಿಸಿಕೊಂಡು ಊರಿಗೆ ಮರಳುತ್ತಾರೆ. ನೀರನ್ನು ನೋಡಿದ ತೃಪ್ತಿ ಅವರಿಗಿರುತ್ತದೆ. ಆದರೆ ಆ ನೀರು ಹರಿದು ಬಂದ ನೆಲವನ್ನು ನೋಡಿದವರೆಷ್ಟು ಮಂದಿ? ಧಾರೆಯ ಎರಡು ದಡಗಳಲ್ಲಿಯೂ ಚಾಲುಕ್ಯ ಶೈಲಿಯ ಗುಡಿಗಳೇಕೆ ನಿಂತಿವೆ, ಅವುಗಳ ಮಗ್ಗುಲಿಗೆ ನೂಲಿನ ಗಿರಣಿ ಏಕೆ ಬಂತು, ಬೇಸಿಗೆ ಬಂತೆಂದರೆ ಇಷ್ಟು ದೊಡ್ಡ ಧಾರೆ ಏಕೆ ಬತ್ತಿ ಬರಿಯ ಬಂಡೆ ಉಳಿಯುತ್ತದೆ ಎಂದು ಕೇಳಿದವರೆಷ್ಟು ಮಂದಿ?

ಈ ಪ್ರಶ್ನೆಗಳಿಗೆ ಉತ್ತರವಿರುವುದು ನೀರಿನಲ್ಲಲ್ಲ, ನೆಲದಲ್ಲಿ. ಆ ನೆಲವನ್ನು ಓದಿ ಬರೆದಿಡುವ ಕೆಲಸ ನಮ್ಮ ಸೀಮೆಯಲ್ಲಿ ಇನ್ನೂ ನಡೆಯಬೇಕಾಗಿದೆ. ಅದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಲ್ಲರೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ನೆಲವೂ ಒಂದು ಕಡತ

ಕಾಗದ ಅಗ್ಗವಾಗುವ ಮೊದಲು ನಮ್ಮ ಹಿರಿಯರು ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು ಪದ್ಧತಿ. ಬೇಡವಾದುದನ್ನು ಒರೆಸಿ ಹೊಸದನ್ನು ಬರೆಯಬಹುದು. ಆದರೆ ಎಷ್ಟು ಒರೆಸಿದರೂ ಹಳೆಯ ಅಕ್ಷರದ ನೆರಳು ಹೊಸ ಅಕ್ಷರದ ಅಡಿಯಲ್ಲಿ ಉಳಿದಿರುತ್ತದೆ. ನೆಲವೂ ಅಂತಹದೊಂದು ಕಡತ. ನದಿ ಅದರ ಮೇಲೆ ಬರೆಯುತ್ತದೆ. ಅರಸ ಬರೆಯುತ್ತಾನೆ, ರೈತ ಬರೆಯುತ್ತಾನೆ, ಇಂಜಿನಿಯರ್ ಬರೆಯುತ್ತಾನೆ. ಒಬ್ಬನು ಬರೆದುದನ್ನು ಮತ್ತೊಬ್ಬನು ಒರೆಸುತ್ತಾನೆ, ಆದರೂ ಪೂರ್ತಿಯಾಗಿ ಒರೆಸಲಾರ.

ಹೀಗೆ ಪ್ರಕೃತಿಯೂ ಮನುಷ್ಯನೂ ಕೂಡಿ ಬರೆದ ನೆಲಕ್ಕೆ ವಿದ್ವಾಂಸರು ‘ಐತಿಹಾಸಿಕ ಭೂದೃಶ್ಯ’ ಎಂದು ಹೆಸರಿಟ್ಟಿದ್ದಾರೆ. ಒಂದು ಗುಡಿ, ಒಂದು ಕೋಟೆ ಮಾತ್ರವಲ್ಲ. ಗುಡಿಗೆ ಹೋಗುವ ಹಾದಿ, ಹಾದಿಯ ಬದಿಯ ಬಾವಿ, ಬಾವಿಯ ನೀರುಂಡ ಹೊಲ, ಹೊಲದ ಬದುವಿನ ಬೇವಿನಮರ ಇವೆಲ್ಲವೂ ಕೂಡಿ ಒಂದು ಭೂದೃಶ್ಯ. 1992ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಯಲ್ಲಿ ‘ಸಾಂಸ್ಕೃತಿಕ ಭೂದೃಶ್ಯ’ವೆಂಬ ವರ್ಗಕ್ಕೆ ಸ್ಥಾನ ಕೊಟ್ಟ ಮೇಲೆ ಈ ವಿಚಾರ ಜಗತ್ತಿನಲ್ಲೆಲ್ಲ ಹರಡಿತು.

ಹೊರದೇಶದ ಒಂದು ಪಾಠ

ಈ ಕೆಲಸವನ್ನು ಕ್ರಮಬದ್ಧವಾಗಿ ನಡೆಸಿದವರಲ್ಲಿ ಅಮೆರಿಕದವರು ಮುಂದಿದ್ದಾರೆ. 1933ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಲ್ಲಿ ಕೆಲಸ ಕಳೆದುಕೊಂಡು ಕುಳಿತಿದ್ದ ವಾಸ್ತುಶಿಲ್ಪಿಗಳಿಗೆ ಸಂಬಳ ಕೊಟ್ಟು, ದೇಶದ ಹಳೆಯ ಕಟ್ಟಡಗಳನ್ನು ಅಳೆದು ಬರೆಯಿಸುವ ಯೋಜನೆಯೊಂದು ಹುಟ್ಟಿತು. 1969ರಲ್ಲಿ ಸೇತುವೆ, ಗಿರಣಿ, ಯಂತ್ರಾಗಾರಗಳನ್ನು ದಾಖಲಿಸುವ ಎರಡನೆಯ ಯೋಜನೆ ಅದರ ಜೊತೆಗೂಡಿತು. 2000ದಲ್ಲಿ ಮೂರನೆಯದಾಗಿ ಭೂದೃಶ್ಯಗಳ ಸರದಿ ಬಂತು. ಅಳತೆಯ ನಕಾಶೆ, ಛಾಯಾಚಿತ್ರ, ಬರೆದ ಇತಿಹಾಸ ಈ ಮೂರೂ ಸೇರಿದ ದಾಖಲೆ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯವನ್ನು ಸೇರುತ್ತದೆ; ಯಾರು ಬೇಕಾದರೂ ಅದನ್ನು ನೋಡಬಹುದು. ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಕೆಲಸದ ಬಹುಪಾಲನ್ನು ಬೇಸಿಗೆಯ ರಜೆಯಲ್ಲಿ ಬರುವ ವಿದ್ಯಾರ್ಥಿಗಳು ಮಾಡುತ್ತಾರೆ. ಇದಕ್ಕೆ ‘ಇಂಟರ್ನ್‌ಶಿಪ್’ ಎಂದು ಹೆಸರು. ಮುಂಬಯಿ ಇಲಾಖೆಯ ಕಾಲದಲ್ಲಿ ನಮ್ಮ ಕಚೇರಿಗಳಲ್ಲಿ ‘ಉಮೇದುವಾರಿ’ ಎಂದು ಕರೆಯುತ್ತಿದ್ದ ಪದ್ಧತಿಯ ದೂರದ ಸಂಬಂಧಿ ಇದು.

ಕಾಡಿನಲ್ಲಿ ಇತಿಹಾಸವೇನಿದೆ ಎಂದು ವಾಚಕರು ಕೇಳಬಹುದು. ವರ್ಜೀನಿಯಾ ಪ್ರಾಂತದ ಶೆನಂಡೋವ ರಾಷ್ಟ್ರೀಯ ಉದ್ಯಾನದ ಕಥೆ ಅದಕ್ಕೆ ಉತ್ತರ ಹೇಳುತ್ತದೆ. 1935ರಲ್ಲಿ ಆ ಉದ್ಯಾನವನ್ನು ಕಟ್ಟುವಾಗ ಗುಡ್ಡದ ಮೇಲಿನ ಸುಮಾರು ಐನೂರು ಕುಟುಂಬಗಳು ಮನೆ ಬಿಡಬೇಕಾಯಿತು. ಅವರ ಹೊಲಗಳ ಮೇಲೆ ಕಾಡು ಬೆಳೆಯಿತು. ಮುಂದೆ ಬಂದ ಪ್ರವಾಸಿಗಳು ಅದನ್ನು ಆದಿಕಾಲದ ಅರಣ್ಯವೆಂದೇ ತಿಳಿದರು. ಆದರೆ ಮರಗಳ ನಡುವೆ ಇಂದಿಗೂ ಕಲ್ಲಿನ ಒಡ್ಡುಗಳಿವೆ, ಸೇಬಿನ ಹಳೆಯ ಗಿಡಗಳಿವೆ, ಗೋರಿಗಳಿವೆ. ಅವನ್ನು ಹುಡುಕಿ ಬರೆದವರಿಂದಾಗಿ ಆ ಕುಟುಂಬಗಳ ಮೊಮ್ಮಕ್ಕಳಿಗೆ ತಮ್ಮ ಅಜ್ಜನ ಮನೆಯ ಪಾಯ ಎಲ್ಲಿದೆಯೆಂದು ತಿಳಿಯಿತು. ದಾಖಲೆಯೆಂದರೆ ಹಳೆಯ ಕಲ್ಲಿನ ಹುಚ್ಚಲ್ಲ. ಅದು ಕೆಲವರ ಪಾಲಿಗೆ ಉಳಿದಿರುವ ಒಂದೇ ಆಸ್ತಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ರಾಷ್ಟ್ರೀಯ ಉದ್ಯಾನವೆಂಬುದಿಲ್ಲ. ಆದರೆ 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮವಿದೆ. ಅದರ ವಿಸ್ತಾರ 29.78 ಚದರ ಕಿಲೋಮೀಟರು. ಅದರ ಮೇಲುಗಡೆ ಹಿಡಕಲ್ ಜಲಾಶಯವಿದೆ, ಕೆಳಗಡೆ ಜಲಪಾತವಿದೆ, ಅಲ್ಲಿಂದಾಚೆ ಕಾಲುವೆಯ ನೀರುಂಡ ಕರಿನೆಲವಿದೆ. ನದಿಯ ಜೊತೆಯಲ್ಲಿಯೇ ಮೇಲಿನಿಂದ ಕೆಳಕ್ಕೆ ನಡೆದರೆ ಈ ಕಡತದ ಪುಟಗಳನ್ನು ಒಂದೊಂದಾಗಿ ಮಗುಚಿ ನೋಡಬಹುದು.

ನೀರೊಳಗಿನ ಊರು

ಹುಕ್ಕೇರಿಯ ಹೆಸರನ್ನು ಎತ್ತಿದೊಡನೆ ಇತಿಹಾಸದ ಅಭಿಮಾನಿಗಳಿಗೆ ನೆನಪಾಗುವುದು ಆದಿಲಶಾಹಿ ಕಾಲದ ಗುಮ್ಮಟಗಳು. ಅವು ಪುಸ್ತಕಗಳಲ್ಲಿ ಸೇರಿವೆ, ಅವುಗಳ ಚಿತ್ರಗಳಿವೆ. ದೊಡ್ಡವರ ಗೋರಿಗಳಿಗೆ ದಾಖಲೆಯ ಕೊರತೆ ಎಂದೂ ಬರಲಿಲ್ಲ. ಆದರೆ ಅದೇ ತಾಲೂಕಿನ ರೈತರ ಊರುಗಳ ಗತಿ ಬೇರೆ. ಘಟಪ್ರಭೆಗೆ ಅಡ್ಡಲಾಗಿ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ವಂಟಮುರಿಯ ಸರದೇಸಾಯಿ ರಾಜಾ ಲಖಮಗೌಡರ ಹೆಸರನ್ನು ಹೊತ್ತಿರುವ ಈ ಜಲಾಶಯದಲ್ಲಿ ಸುಮಾರು 51 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. ಲಕ್ಷಾಂತರ ಎಕರೆಗೆ ಆ ನೀರು ಅನ್ನ ಕೊಟ್ಟಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರು ನಿಂತ ಜಾಗದಲ್ಲಿ ಊರುಗಳಿದ್ದವೆಂಬುದನ್ನೂ ಮರೆಯಲಾಗದು. ಹುನ್ನೂರಿನ ವಿಠ್ಠಲನ ಗುಡಿ ಅವುಗಳ ಸಾಕ್ಷಿ. ಮಳೆಗಾಲದಲ್ಲಿ ಮುಳುಗಿ ಕಾಣದಾಗುವ ಗುಡಿ, ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಕೆಸರಿನಿಂದ ಮೇಲೆದ್ದು ನಿಲ್ಲುತ್ತದೆ. ಆಗ ಜನ ಜಾತ್ರೆಗೆ ಬಂದಂತೆ ಅದನ್ನು ನೋಡಲು ಬರುತ್ತಾರೆ.

ಗುಡಿ ಕಲ್ಲಿನದು, ಉಳಿಯಿತು. ಮಣ್ಣಿನ ಮನೆಗಳು? ಅಗಸಿ, ಚಾವಡಿ, ಹಗೇವು, ಬಣವಿ ಒಟ್ಟುತ್ತಿದ್ದ ಬಯಲು, ಕಣ ಮಾಡುತ್ತಿದ್ದ ಜಾಗ? ಅವುಗಳಿಗೆ ನೆನಪಲ್ಲದೆ ಬೇರೆ ಆಸರೆಯಿಲ್ಲ. ಊರು ಮುಳುಗಿದಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಸುಮಾರು.

ಒಂದು ಬೇಸಿಗೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಆ ದಂಡೆಯಲ್ಲಿ ತಿರುಗುವಾಗ, ಮರದ ನೆರಳಿನಲ್ಲಿ ಕುಳಿತಿದ್ದ ಮುದುಕರೊಬ್ಬರನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳು ಮಾತನಾಡಿಸಿದಳು.

“ಯಜ್ಜಾ, ನಿಮ್ಮ ಊರ ಯಾವದ್ರಿ?”

“ಯಾವ ಊರ ಕೇಳ್ತಿ ತಂಗಿ? ನೀರಾಗಿಂದೋ, ದಂಡಿ ಮ್ಯಾಗಿಂದೋ?”

“ನೀರಾಗಿಂದ ಹೇಳ್ರಿ. ಬರಕೊಳ್ತೀನಿ.”

“ಬರಕೊಂಡ ಏನ ಮಾಡ್ತೀ? ಮುಳುಗಿದ್ದ ಮುಳುಗಿ ಹೋತು.”

“ನಮಗ ಗೊತ್ತಾಗಬೇಕಲ್ಲರಿ ಯಜ್ಜಾ. ನೀವ ಹೇಳಲಿಲ್ಲಂದ್ರ ಯಾರ ಹೇಳ್ತಾರ?”

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೈಯೊಳಗಿನ ಬಡಿಗೆಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದರು. ಇಲ್ಲಿ ಅಗಸಿ, ಇಲ್ಲಿ ಹನಮಪ್ಪನ ಗುಡಿ, ಗುಡಿಯಿಂದ ನೂರು ಹೆಜ್ಜೆಗೆ ಸೀನೀರ ಬಾವಿ, ಬಾವಿಯ ಹಿಂದೆ ಕುಂಬಾರರ ಮನೆಗಳು. ಅರ್ಧ ಗಂಟೆಯಲ್ಲಿ ಒಂದು ಊರು ಮಣ್ಣಿನ ಮೇಲೆ ಮೂಡಿತು. ಯಾವ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂಬುದು ಸಹ ಅವರಿಗೆ ನೆನಪಿತ್ತು. ವಿದ್ಯಾರ್ಥಿನಿ ಅದೆಲ್ಲವನ್ನೂ ಕಾಗದಕ್ಕಿಳಿಸಿ, ತಿರುಗಿ ಓದಿ ಹೇಳಿ, ಅವರು ಹೇಳಿದಂತೆ ಎರಡು ಕಡೆ ತಿದ್ದಿಕೊಂಡಳು. ಅಂತಹ ನಕಾಶೆ ಯಾವ ಇಲಾಖೆಯ ಕಪಾಟಿನಲ್ಲಿಯೂ ಸಿಕ್ಕಲಾರದು. ಸರಕಾರದ ಕಾಗದದಲ್ಲಿ ಮುಳುಗಡೆಯಾದ ಎಕರೆ, ಗುಂಟೆಗಳ ಲೆಕ್ಕವಿರುತ್ತದೆ. ಸೀನೀರ ಬಾವಿ ಗುಡಿಯಿಂದ ಎಷ್ಟು ಹೆಜ್ಜೆ ಎಂಬುದಿರುವುದಿಲ್ಲ.

ಒಡ್ಡು ಕರೆತಂದ ಹಕ್ಕಿಗಳು

ಹಿಡಕಲ್ಲಿನಿಂದ ಕೆಳಗಿಳಿದ ನದಿ ಗೋಕಾಕ ತಾಲೂಕಿನ ಧೂಪದಾಳದಲ್ಲಿ ಮತ್ತೊಂದು ಒಡ್ಡನ್ನು ಕಾಣುತ್ತದೆ. ಇದು 1897ರಲ್ಲಿ ಪೂರ್ಣವಾದದ್ದು. ಇಲ್ಲಿಂದ ಹೊರಟ ಎಡದಂಡೆಯ ಕಾಲುವೆ ಮೊದಲ ಹಂತದಲ್ಲಿ 71 ಕಿಲೋಮೀಟರು ಹರಿಯಿತು. ಹಿಡಕಲ್ ಯೋಜನೆಯ ಕಾಲದಲ್ಲಿ ಅದನ್ನು 109 ಕಿಲೋಮೀಟರಿಗೆ ಬೆಳೆಸಿದರು. ಒಡ್ಡಿನ ಹಿಂದೆ ನೀರು ಹರಡಿ ನಿಂತು, ಅಲ್ಲಲ್ಲಿ ನಡುಗಡ್ಡೆಗಳಾಗಿ, ಆಳವಿಲ್ಲದ ಕಡೆ ಜೊಂಡು ಬೆಳೆಯಿತು. ಹಕ್ಕಿಗಳಿಗೆ ಅದು ಒಗ್ಗಿತು. ಚಳಿಗಾಲದಲ್ಲಿ ಇಲ್ಲಿಗೆ ಯುರೋಪಿನ ಬಿಳಿ ಕೊಕ್ಕರೆಗಳೂ, ಮಧ್ಯ ಏಷ್ಯದ ಬಯಲುಗಳಿಂದ ಹಿಮಾಲಯವನ್ನು ದಾಟಿ ಬರುವ ಡೆಮೊಯ್ಸೆಲ್ ಜಾತಿಯ ಕ್ರೌಂಚಗಳೂ ಬರುವುದು ಪಕ್ಷಿಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ಪಕ್ಷಿಧಾಮವಾಗಿ ಘೋಷಣೆಯಾದದ್ದು ಈ ನೀರೇ.

ಇಲ್ಲೊಂದು ಗಮನಿಸತಕ್ಕ ಮಾತಿದೆ. ನಾವು ‘ಪ್ರಕೃತಿ’ ಎಂದು ಕರೆದು ಕಾಯಲು ಹೊರಟಿರುವ ಈ ತಾಣ ಮನುಷ್ಯನು ಕಟ್ಟಿದ ಒಡ್ಡಿನ ಫಲ. ಒಡ್ಡಿಲ್ಲದಿದ್ದರೆ ಕೆರೆಯಿಲ್ಲ, ಕೆರೆಯಿಲ್ಲದಿದ್ದರೆ ಕ್ರೌಂಚವಿಲ್ಲ. ಅಷ್ಟೇ ಅಲ್ಲ, ಹಗಲು ಹೊಲಗಳಲ್ಲಿ ಕಾಳು ಹೆಕ್ಕಿ, ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತು ತಂಗುವುದು ಈ ಹಕ್ಕಿಯ ರೂಢಿ. ಎಂದಮೇಲೆ ಅದರ ಬದುಕು ಪಕ್ಷಿಧಾಮದ ಎಲ್ಲೆಯೊಳಗೆ ಮುಗಿಯುವುದಿಲ್ಲ. ಸುತ್ತಣ ರೈತರ ಕಡಲೆ, ಜೋಳದ ಹೊಲಗಳೂ ಅದಕ್ಕೆ ಬೇಕು. ಕಡಲೆಯ ಹೊಲ ಕಬ್ಬಿನ ಗದ್ದೆಯಾದರೆ ಅಲ್ಲಿ ಹೆಕ್ಕಲು ಕಾಳೆಲ್ಲಿ? ಹಕ್ಕಿಗಳನ್ನು ಎಣಿಸಿ ಬರೆದಿಟ್ಟರೆ ಸಾಲದು. ಯಾವ ಹೊಲದಲ್ಲಿ ಯಾವ ವರ್ಷ ಏನು ಬಿತ್ತಿದರೆಂಬುದನ್ನೂ ಬರೆದಿಡಬೇಕು. ಇತಿಹಾಸವನ್ನು ಬಿಟ್ಟ ಪ್ರಕೃತಿರಕ್ಷಣೆ ಒಂದೇ ಚಕ್ರದ ಬಂಡಿ.

ಬಂಡೆ, ಗುಡಿ, ಗಿರಣಿ

ಧೂಪದಾಳವನ್ನು ದಾಟಿದ ನದಿ ಕೆಲವು ಮೈಲಿಗಳ ಮುಂದೆ ಬಂಡೆಯ ಅಂಚಿನಿಂದ ಬೀಳುತ್ತದೆ. ಬೇಸಿಗೆಯಲ್ಲಿ ಧಾರೆ ಬತ್ತುವುದರ ರಹಸ್ಯವೂ ಧೂಪದಾಳದಲ್ಲಿಯೇ ಇದೆ: ಅಲ್ಲಿ ತಡೆದ ನೀರು ಕಾಲುವೆಯ ಪಾಲಾಗುತ್ತದೆ. ಬಂಡೆಯಾದರೋ ಭೂವಿಜ್ಞಾನಿಗಳು ‘ಕಲಾದಗಿ ಶ್ರೇಣಿ’ ಎಂದು ಕರೆಯುವ, ಜೀವರಾಶಿಯ ಬಹುಪಾಲು ಹುಟ್ಟುವ ಮೊದಲೇ ಮರಳು ಗಟ್ಟಿಯಾಗಿ ಆದ ಕಲ್ಲು. ಈ ಸೀಮೆಯನ್ನು ಅಡಿಯಿಟ್ಟು ಅಳೆದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯರು. ಗೋಕಾಕದ ಹತ್ತಿರ, ತಮ್ಮ ಬರಹದಲ್ಲಿ ‘ಚಿಕ್‌ಡೌಲಿ’ ಎಂದು ಕರೆದಿರುವ ಊರ ಬಳಿಯ ಹೊಳೆಯ ಮಣ್ಣಿನಲ್ಲಿ ಅವರಿಗೆ ಖಡ್ಗಮೃಗದ ಎಲುಬುಗಳು ಸಿಕ್ಕಿದವು. 1874ರಲ್ಲಿ ಅವರು ಅದನ್ನು ದಖನ್ನಿನ ಹೆಸರಿನಿಂದಲೇ ಕರೆದು ಪ್ರಕಟಿಸಿದರು. ಇಂದು ಕಬ್ಬು ಬೆಳೆಯುವ ಈ ದಂಡೆಯಲ್ಲಿ ಒಂದಾನೊಂದು ಕಾಲಕ್ಕೆ ಖಡ್ಗಮೃಗ ನೀರು ಕುಡಿಯುತ್ತಿತ್ತೆಂದು ನಮ್ಮ ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ?

ಸಮೀಪದ ಕೊಣ್ಣೂರಿನ ಪರಿಸರದಲ್ಲಿ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಸತ್ತವರ ಮನೆಗಳವು. ಇಂತಹವನ್ನು ಜನ ‘ಪಾಂಡವರ ಮನೆ’ ಎನ್ನುತ್ತಾರೆ. ಜಲಪಾತದ ದಡಗಳಲ್ಲಿ ಮಹಾಲಿಂಗೇಶ್ವರನದೂ ಸೇರಿ ಚಾಲುಕ್ಯ ಶೈಲಿಯ ಗುಡಿಗಳಿವೆ. ಸತ್ತವರನ್ನು ಹೂಳಲು ಬಂದವರೂ, ಶಿವನನ್ನು ಪೂಜಿಸಲು ಬಂದವರೂ, ನೂಲು ತೆಗೆಯಲು ಬಂದವರೂ ಇದೇ ನೀರಿನ ಬಳಿಗೆ ಬಂದರು.

ನೂಲಿನವರು ಬಂದದ್ದು ಬೀಳುವ ನೀರಿನ ಶಕ್ತಿಯನ್ನು ದುಡಿಸಿಕೊಳ್ಳಲು. 1885ರಲ್ಲಿ ಸ್ಥಾಪಿತವಾದ ಕಂಪನಿಯ ಹೆಸರಿನಲ್ಲಿಯೇ ‘ಜಲಶಕ್ತಿ’ ಎಂಬರ್ಥದ ಮಾತಿತ್ತು. 1887ರಲ್ಲಿ ಗಿರಣಿ ನಡೆಯತೊಡಗಿತು. ಅದೇ ವರ್ಷ ಇಲ್ಲಿ ಮೊಟ್ಟಮೊದಲಿಗೆ ವಿದ್ಯುತ್ತು ಹುಟ್ಟಿತೆಂದು ಪ್ರವಾಸಿಗಳ ಕೈಪಿಡಿಗಳಲ್ಲಿ ಕಾಣುತ್ತೇವೆ. ಆದರೆ ಭಾರತದ ಮೊದಲ ಜಲವಿದ್ಯುದಾಗಾರವೆಂದು ಗಣನೆಗೆ ಬಂದಿರುವುದು 1897ರಲ್ಲಿ ಡಾರ್ಜಿಲಿಂಗಿನಲ್ಲಿ ನಡೆಯತೊಡಗಿದುದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ. 1887ರ ಗೋಕಾಕದಲ್ಲಿ ನೀರು ನೇರವಾಗಿ ಯಂತ್ರದ ಗಾಲಿಯನ್ನು ತಿರುಗಿಸಿತೋ, ವಿದ್ಯುತ್ತಾಗಿ ಮಾರ್ಪಟ್ಟು ತಿರುಗಿಸಿತೋ? ಎರಡೂ ಜಲಶಕ್ತಿಯೇ, ಆದರೆ ಎರಡೂ ಒಂದೇ ಅಲ್ಲ. ಹಳೆಯ ಟರ್ಬೈನಿನ ಜಾಗ, ಕೊಳವೆಯ ದಾರಿ, ಗಾಲಿಗಳನ್ನು ಕೂರಿಸಿದ್ದ ಗೋಡೆಯ ರಂಧ್ರ ಇವುಗಳನ್ನು ಅಳೆದು ಬರೆದರೆ ಈ ಪ್ರಶ್ನೆಗೆ ಕಲ್ಲೇ ಉತ್ತರ ಕೊಡುತ್ತದೆ. ಅಭಿಮಾನದಿಂದ ಹೇಳುವ ಮಾತಿಗೂ ಅಳೆದು ಹೇಳುವ ಮಾತಿಗೂ ಇರುವ ಅಂತರವನ್ನು ವಿದ್ಯಾರ್ಥಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಇನ್ನೊಂದು ಅನುಕೂಲವೂ ಇದೆ. ಮುಂಬಯಿ ಸರಕಾರದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರ್ ಪ್ರಕಟವಾದದ್ದು 1884ರಲ್ಲಿ, ಎಂದರೆ ಗಿರಣಿ ಹುಟ್ಟುವ ಒಂದು ವರ್ಷ ಮೊದಲು. ಕರ್ನಾಟಕ ಸರಕಾರದ ಬೆಳಗಾವಿ ಜಿಲ್ಲಾ ಗ್ಯಾಝೆಟಿಯರ್ ಬಂದದ್ದು 1987ರಲ್ಲಿ, ಹಿಡಕಲ್ಲಿನ ಅಣೆಕಟ್ಟು ಮುಗಿದು ಹತ್ತು ವರ್ಷಗಳ ಮೇಲೆ. ಗಿರಣಿ, ಒಡ್ಡು, ಕಾಲುವೆ, ಅಣೆಕಟ್ಟು, ಪಕ್ಷಿಧಾಮ ಎಲ್ಲವೂ ಈ ಎರಡು ಪುಸ್ತಕಗಳ ನಡುವಿನ ನೂರು ವರ್ಷಗಳಲ್ಲಿ ಆದವು. ಎರಡನ್ನೂ ಕೈಯಲ್ಲಿ ಹಿಡಿದು ನದಿಯ ದಂಡೆಯಲ್ಲಿ ನಡೆದರೆ, ಏನು ಅಳಿಯಿತು, ಏನು ಉಳಿಯಿತು ಎಂಬುದರ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಶಾಸನದ ಎಲ್ಲೆ, ಸರ್ವೇಯ ಕಲ್ಲು

ನೆಲವನ್ನು ಬರೆದಿಡುವುದು ಹೊರದೇಶದಿಂದ ನಾವು ಕಲಿಯಬೇಕಾದ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಗೋಕಾಕದಿಂದ ಬೇರೆಯಾಗಿ ಹೊಸ ತಾಲೂಕಾಗಿರುವ ಮೂಡಲಗಿಯ ಸೀಮೆಯಲ್ಲಿ ಕಲ್ಲೋಳಿ ಎಂಬ ಊರಿದೆ. ಅಲ್ಲಿಯ ಶಾಂತಿನಾಥ ಬಸದಿಗೆ ಸಂಬಂಧಿಸಿದ ಶಾಸನ ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, 13ನೆಯ ಶತಮಾನದ ಆರಂಭದ್ದು. ನಮ್ಮ ದಾನಶಾಸನಗಳನ್ನು ಓದಿದವರಿಗೆ ಅವುಗಳ ರೀತಿ ಗೊತ್ತು: ಅರಸನ ಬಿರುದುಗಳು ಮುಗಿದ ಮೇಲೆ ಕೊಟ್ಟ ಭೂಮಿಯ ಎಲ್ಲೆಯ ವರ್ಣನೆ ಬರುತ್ತದೆ. ಮೂಡಲು ಯಾವ ಹಳ್ಳ, ತೆಂಕಲು ಯಾವ ಬಟ್ಟೆ, ಪಡುವಲು ಯಾವ ನಟ್ಟ ಕಲ್ಲು, ಬಡಗಲು ಯಾರ ತೋಟ ಎಂದು ಕಲ್ಲಿನ ಮೇಲೆ ಕೊರೆದಿರುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಬಿರುದುಗಳನ್ನು ಕಂಠಪಾಠ ಮಾಡುತ್ತೇವೆ. ಎಲ್ಲೆಯ ಭಾಗ ಬಂದೊಡನೆ ಪುಟ ತಿರುವುತ್ತೇವೆ. ಆದರೆ ಭೂದೃಶ್ಯದ ಮೊದಲ ದಾಖಲೆ ಇರುವುದು ಅಲ್ಲಿಯೇ. ಶಾಸನವನ್ನು ಹಿಡಿದು ಹೊಲಕ್ಕೆ ಹೋಗಿ ಆ ಹಳ್ಳ ಯಾವುದು, ಆ ಬಟ್ಟೆ ಯಾವುದು ಎಂದು ಹುಡುಕುವುದು ಕನ್ನಡದ ವಿದ್ಯಾರ್ಥಿ ಮಾಡಬಹುದಾದ ಕೆಲಸ. ಅವನಷ್ಟು ಚೆನ್ನಾಗಿ ಅದನ್ನು ಬೇರೆಯವರು ಮಾಡಲಾರರು.

ಶಾಸನದ ಮೇಲೆ ಇನ್ನೊಂದು ಬರಹ ಬಂತು. ಮುಂಬಯಿ ಪ್ರಾಂತದ ಭೂಮಾಪನಕ್ಕೆ 1847ರ ಜಂಟಿ ವರದಿ ನಿಯಮಗಳನ್ನು ಹಾಕಿಕೊಟ್ಟಿತು. ಹೊಲಗಳಿಗೆ ಸರ್ವೇ ನಂಬರುಗಳು ಬಂದವು, ಎಲ್ಲೆಗೆ ಬಾಂದ ಕಲ್ಲುಗಳು ಬಂದವು. ಆದರೆ ರೈತ ತನ್ನ ಹೊಲವನ್ನು ಇಂದಿಗೂ ನಂಬರಿನಿಂದ ಕರೆಯುವುದಿಲ್ಲ. ‘ಹುಣಸಿಗಿಡದ ಹೊಲ’, ‘ಮಡ್ಡಿ ಹೊಲ’, ‘ದೇಸಾಯರ ಪಟ್ಟಿ’ ಎಂದೇ ಕರೆಯುತ್ತಾನೆ. ಹುಣಿಸೆಯ ಮರ ಬಿದ್ದು ಅರವತ್ತು ವರ್ಷವಾಗಿದ್ದರೂ ಹೆಸರು ನಿಂತಿರುತ್ತದೆ. ಒಂದೂರಿನ ಹೊಲಗಳ ಹೆಸರುಗಳನ್ನು ಬರೆದುಕೊಂಡರೆ ಆ ಊರಿನ ಅರ್ಧ ಇತಿಹಾಸ ಕೈಗೆ ಬಂದಂತೆ.

ಕಾಲುವೆಯೂ ತನ್ನ ಅಕ್ಷರಗಳನ್ನು ಬರೆದಿದೆ. ಕರಿನೆಲಕ್ಕೆ ವರ್ಷವಿಡೀ ನೀರು ಹಾಯಿಸಿದಾಗ ಅಡಿಯ ಜಲಮಟ್ಟ ಏರಿ, ನೆಲದೊಳಗಿನ ಲವಣ ಮೇಲಕ್ಕೆ ಬಂದು ಬೆಳ್ಳಗೆ ಹೊಪ್ಪಳಿಸುತ್ತದೆ. ನಮ್ಮ ರೈತರು ಇದನ್ನು ‘ಸವಳು-ಜವಳು’ ಎನ್ನುತ್ತಾರೆ. ಘಟಪ್ರಭೆಯ ಕಾಲುವೆಯ ಬಯಲಿನಲ್ಲಿ ಇಂತಹ ನೆಲವುಂಟು. ಅಜ್ಜನ ಕಾಲಕ್ಕೆ ಬಿಳಿಜೋಳ ಬೆಳೆಯುತ್ತಿದ್ದ ಹೊಲ ಮೊಮ್ಮಗನ ಕಾಲಕ್ಕೆ ಹುಲ್ಲೂ ಬೆಳೆಯದಂತಾದರೆ ಅದೂ ಇತಿಹಾಸವೇ. ಯಾವ ವರ್ಷ ಕಬ್ಬು ಬಂತು, ಯಾವ ವರ್ಷ ಬಿಳಿ ಪದರು ಕಾಣಿಸಿತು ಎಂಬುದನ್ನು ಬರೆದಿಟ್ಟರೆ ಪಕ್ಕದ ಹೊಲವನ್ನಾದರೂ ಉಳಿಸಿಕೊಳ್ಳಬಹುದು.

ಎಂಟು ವಾರಗಳ ಕೆಲಸ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪದವಿ ತರಗತಿಗಳಿಗೂ ಇಂಟರ್ನ್‌ಶಿಪ್ ಬಂದಿದೆ. ವಾಣಿಜ್ಯದವರು ಬ್ಯಾಂಕಿಗೋ ಲೆಕ್ಕಪರಿಶೋಧಕರ ಕಚೇರಿಗೋ ಹೋಗುತ್ತಾರೆ, ವಿಜ್ಞಾನದವರಿಗೆ ಪ್ರಯೋಗಶಾಲೆಗಳಿವೆ. ಕಲಾ ವಿಭಾಗದ ಮಕ್ಕಳು ಎಲ್ಲಿಗೆ ಹೋಗಬೇಕು? ಎಷ್ಟೋ ಕಡೆ ಅದು ಒಂದು ಪ್ರಮಾಣಪತ್ರದ ಮುದ್ರೆಯಲ್ಲಿ ಮುಗಿದುಹೋಗುತ್ತದೆ. ಹೊಳೆಯ ದಂಡೆಯಲ್ಲಿ ಇಷ್ಟು ಕೆಲಸ ಬಿದ್ದಿರುವಾಗ ಮುದ್ರೆಗಾಗಿ ಅಲೆಯುವುದೇಕೆ?

ಇದಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಅಳತೆಯ ಪಟ್ಟಿ, ದಿಕ್ಸೂಚಿ, ಚೌಕುಳಿ ಕಾಗದ, ಎಲ್ಲರ ಕಿಸೆಯಲ್ಲಿಯೂ ಇರುವ ಮೊಬೈಲು ಸಾಕು. ನಾಲ್ಕು ಜನರ ಒಂದು ತಂಡಕ್ಕೆ ಎಂಟು ವಾರಗಳಾದರೆ ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ವಾರ ಹಳೆಯ ಬರಹಗಳನ್ನು ಓದುವುದು: ಗ್ಯಾಝೆಟಿಯರುಗಳು, ಶಾಸನಗಳು, ಊರಿನ ಸರ್ವೇ ನಕಾಶೆ. ಮುಂದಿನ ಎರಡು ವಾರ ಬರಿಯ ನಡಿಗೆ. ನೆಲದ ಏರಿಳಿತ, ನೀರಿನ ದಾರಿ, ಮರಗಳು, ಕಾಲುಹಾದಿಗಳು, ಕಟ್ಟಡಗಳು ಇವನ್ನು ನಕಾಶೆಯ ಮೇಲೆ ಗುರುತಿಸುವುದು. ಆಮೇಲೆ ಎರಡು ವಾರ ಅಳತೆ ಮತ್ತು ಛಾಯಾಚಿತ್ರ. ಪ್ರತಿ ಚಿತ್ರಕ್ಕೂ ತೆಗೆದ ದಿನ, ನಿಂತ ಜಾಗ, ಮುಖಮಾಡಿದ ದಿಕ್ಕು ಬರೆದಿರಬೇಕು. ಇವಿಲ್ಲದ ಚಿತ್ರ ಎಷ್ಟು ಅಂದವಾಗಿದ್ದರೂ ದಾಖಲೆಯಾಗಲಾರದು. ಆರನೆಯ, ಏಳನೆಯ ವಾರಗಳು ಹಿರಿಯರ ಮಾತಿಗೆ ಮೀಸಲು. ಹೇಳುವವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲಿಯೇ ಬರೆದುಕೊಂಡು, ತಿರುಗಿ ಓದಿ ತೋರಿಸಬೇಕು. ಕೊನೆಯ ವಾರ ಎಲ್ಲವನ್ನೂ ಶುದ್ಧಪ್ರತಿ ಮಾಡುವುದು.

ಎಲ್ಲಿಂದ ಆರಂಭಿಸಬೇಕೆಂಬುದಕ್ಕೂ ನದಿಯೇ ಮುಹೂರ್ತ ಇಟ್ಟುಕೊಟ್ಟಿದೆ. ಹಿಡಕಲ್ಲಿನ ನೀರು ಇಳಿಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕಾಲೇಜಿನ ರಜೆ ಬರುವುದೂ ಆಗಲೇ. ಜಲಪಾತದ ಬಂಡೆ ಬರಿದಾಗುವುದೂ ಆಗಲೇ. ಚಳಿಗಾಲದ ರಜೆಯಲ್ಲಿ ಹಕ್ಕಿಗಳ ಕೆಲಸ. ಇನ್ನು ಪ್ರವಾಹದ ದಾಖಲೆಯನ್ನು ಯಾವಾಗ ಬೇಕಾದರೂ ಬರೆಯಬಹುದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯೊಳಗೆ ನುಗ್ಗಿದಾಗ ನೀರು ಎಲ್ಲಿಯ ತನಕ ಏರಿತ್ತೆಂದು ಗೋಡೆಗಳ ಮೇಲೆ ಕಂದು ಗೆರೆ ಉಳಿದಿತ್ತು. ಸುಣ್ಣ ಬಳಿದಂತೆಲ್ಲ ಆ ಗೆರೆಗಳು ಮಾಯವಾಗುತ್ತಿವೆ. ಮನೆಯವರನ್ನು ಕೇಳಿ, ಆ ಎತ್ತರವನ್ನು ಅಳೆದು, ಪೇಟೆಯ ನಕಾಶೆಯ ಮೇಲೆ ಗುರುತಿಸಿಟ್ಟರೆ ಮುಂದೆ ಮನೆ ಕಟ್ಟುವವನಿಗೆ ಪಾಯ ಎಷ್ಟೆತ್ತರ ಇರಬೇಕೆಂದು ತಿಳಿಯುತ್ತದೆ.

ಯಾರಿಗಾಗಿ ಈ ದಾಖಲೆ?

ಬರೆದಿಡುವುದರಿಂದ ಯಾರಿಗೆ ಲಾಭ ಎಂಬ ಪ್ರಶ್ನೆ ಸಹಜ. ನಮ್ಮ ಜಿಲ್ಲೆಯಲ್ಲಿಯೇ, ಖಾನಾಪುರದ ಕಡೆಗೆ, 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮವಿದೆ. ಅದರೊಳಗೆ ಕೋಟೆಯಿದೆ, ಹಳ್ಳಿಗಳಿವೆ. ಹಳ್ಳಿಗಳ ಸ್ಥಳಾಂತರದ ಮಾತು ನಡೆಯುತ್ತ ಬಂದಿದೆ. ದಕ್ಷಿಣದ ನಾಗರಹೊಳೆಯಲ್ಲಿ ಜೇನುಕುರುಬರು ಕಾಡಿನೊಳಗಿನ ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾದ ಕಥೆ ಎಲ್ಲರಿಗೂ ತಿಳಿದದ್ದೇ. ಕಾಯಿದೆಯ ಮಾತಿನಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ದನ ಮೇಯಿಸಲೂ ಅವಕಾಶವಿಲ್ಲದ ಜಾಗ. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ದೇವರ ಬನ ಎಲ್ಲಿತ್ತು, ಯಾರ ಹಿರಿಯರ ಗೋರಿ ಎಲ್ಲಿದೆ, ಯಾರು ಯಾವ ಹಾದಿಯಿಂದ ನೀರಿಗೆ ಹೋಗುತ್ತಿದ್ದರು ಎಂಬುದು ಬರೆದಿಡದೆ ಹೋದರೆ, ಇಪ್ಪತ್ತು ವರ್ಷಗಳ ಮೇಲೆ ಅವರು ಅಲ್ಲಿದ್ದರೆಂಬುದಕ್ಕೆ ಗುರುತೇ ಇರುವುದಿಲ್ಲ. ಗುರುತಿಲ್ಲದವನಿಗೆ ಹಕ್ಕೂ ಇಲ್ಲ. ಹಿಡಕಲ್ಲಿನ ನೀರೊಳಗಿನ ಊರುಗಳು ಕಲಿಸುವ ಪಾಠವೂ ಇದೇ: ಬರೆಯುವ ಕೆಲಸ ಮುಳುಗುವ ಮೊದಲು ಆಗಬೇಕು, ಮುಳುಗಿದ ಮೇಲಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಸಿದ್ಧಪಡಿಸಿದ ದಾಖಲೆ ಕನ್ನಡದಲ್ಲಿರಬೇಕು. ಅದರ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ, ಇನ್ನೊಂದು ಆಯಾ ಊರಿನ ಗ್ರಾಮ ಪಂಚಾಯತಿಯ ಕಚೇರಿಯಲ್ಲಿ, ಮತ್ತೊಂದು ಅರಣ್ಯ ಇಲಾಖೆಯಲ್ಲಿ ಇರಬೇಕು. ಮಾತು ಕೊಟ್ಟ ಹಿರಿಯರ ಮನೆಗೂ ಒಂದು ಪ್ರತಿ ತಲುಪಬೇಕು. ಓದಲು ಬಾರದಿದ್ದರೆ ಓದಿ ಹೇಳಬೇಕು. ಪರೀಕ್ಷಕರಿಗೆ ಮಾತ್ರ ತೋರಿಸಿ ಕಪಾಟಿಗೆ ಸೇರಿಸುವ ದಾಖಲೆಗೂ ನೀರೊಳಗಿನ ಊರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಮೂರು ತಾಲೂಕುಗಳಲ್ಲಿ ಪದವಿ ಕಾಲೇಜುಗಳಿವೆ. ಪ್ರತಿ ಕಾಲೇಜೂ ವರ್ಷಕ್ಕೊಂದು ಊರನ್ನು ಆರಿಸಿಕೊಂಡರೆ ಸಾಕು; ಹತ್ತು ವರ್ಷಗಳಲ್ಲಿ ಹಿಡಕಲ್ಲಿನಿಂದ ಕಲ್ಲೋಳಿಯವರೆಗಿನ ನೆಲದ ಬಹುಭಾಗ ಕಾಗದದ ಮೇಲೆ ಬಂದೀತು. ಖರ್ಚು ಅಲ್ಪ, ಕಲಿಕೆ ಅಪಾರ. ಬೇಕಾದದ್ದು ಒಂದೇ, ತ್ವರೆ. ಬಂಡೆ ಕಾಯುತ್ತದೆ, ಗುಡಿ ಕಾಯುತ್ತದೆ; ಊರಿನ ಅಗಸಿ ಎಲ್ಲಿತ್ತೆಂದು ಬಲ್ಲ ಹಿರಿಯರು ಎಷ್ಟು ಬೇಸಿಗೆಗಳ ಕಾಲ ಕಾದಾರು?